ಮಗನ ಕೋಣೆಯ ಗೋಡೆಯಲ್ಲಿ ಟುಪಾಕ್: ಇವನನ್ನು ಮೆಚ್ಚುವುದು ಹೇಗೆ?

ಪ್ರಶ್ನೆ: ನನ್ನ ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಅವನ ಕೋಣೆಯ ಗೋಡೆಯಲ್ಲಿ ಟುಪಾಕ್ ಶಕೂರ್ ಎಂಬ ಅಮೆರಿಕದ ರ‍್ಯಾಪರ್‌ನ ದೊಡ್ಡ ಪೋಸ್ಟರ್ ಇದೆ. ಯಾರಿವನು ಎಂದು ಓದಿ ನೋಡಿದೆ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಜೈಲಿಗೆ ಹೋದವನು, ಎಲ್ಲಿ ಹೋದರೂ ಗುಂಡಿನ ಗಲಾಟೆ, 25ನೇ ವಯಸ್ಸಿಗೇ ಕೊಲೆಯಾದವನು. ಆದರೂ ವಿಶ್ವವಿದ್ಯಾಲಯಗಳಲ್ಲಿ ಅವನ ಬಗ್ಗೆ ಪಾಠ ಮಾಡುತ್ತಾರಂತೆ. ಮಗನನ್ನು ಕೇಳಿದರೆ ‘ಅಮ್ಮಾ, ಅವನು ಕವಿ’ ಅನ್ನುತ್ತಾನೆ. ಇಂಥವನ ಪ್ರಭಾವ ಇನ್ನೂ ಉಳಿದಿರುವುದು ಏಕೆ? ನಾನು ಚಿಂತೆ ಮಾಡಬೇಕೇ?

ಉತ್ತರ: ನೀವು ಓದಿದ್ದು ನಿಜ, ನಿಮ್ಮ ಮಗ ಹೇಳಿದ್ದೂ ನಿಜ. ಟುಪಾಕ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಇದರಲ್ಲಿ ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ಅಭಿಮಾನಿಗಳು ಅಪರಾಧವನ್ನು ‘ಪೊಲೀಸರ ಪಿತೂರಿ’ ಎಂದು ಒರೆಸಿಹಾಕುತ್ತಾರೆ. ವಿರೋಧಿಗಳು ಹಾಡುಗಳನ್ನು ಕೇಳುವುದೇ ಇಲ್ಲ. ಹಾಗೆ ಅರ್ಧ ಕತ್ತರಿಸಿದರೆ ಅವನ ಪ್ರಭಾವ ಏಕೆ ಉಳಿಯಿತು ಎನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆದ್ದರಿಂದ ಸ್ವಲ್ಪ ಉದ್ದವಾದರೂ ಮೊದಲಿನಿಂದ ಹೇಳುತ್ತೇನೆ.

ಕತೆ ಅವನು ಹುಟ್ಟುವ ಮುಂಚೆ, ನ್ಯೂಯಾರ್ಕಿನ ಒಂದು ನ್ಯಾಯಾಲಯದಲ್ಲಿ ಶುರುವಾಗುತ್ತದೆ. ತಾಯಿ ಅಫೇನಿ ಶಕೂರ್ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಾರ್ಯಕರ್ತೆ. ಕಪ್ಪು ಜನರ ಆತ್ಮರಕ್ಷಣೆಗಾಗಿ ಬಂದೂಕು ಹಿಡಿದ ಪಕ್ಷ ಎಂದು ಅದು ಹೆಸರಾಗಿದ್ದರೂ, ಬಡ ಮಕ್ಕಳಿಗೆ ಬೆಳಗಿನ ತಿಂಡಿ ಕೊಡುವ ಕೆಲಸವನ್ನೂ ಮಾಡುತ್ತಿತ್ತು. 1969ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಪೊಲೀಸರು ಆ ಪಕ್ಷದ 21 ಮಂದಿಯ ಮೇಲೆ ಬಾಂಬ್ ಸಂಚಿನ ಮೊಕದ್ದಮೆ ಹೂಡಿದರು. ಅಫೇನಿ ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಕಾನೂನು ಓದಿದವಳಲ್ಲ, ಮೇಲಾಗಿ ಬಸುರಿ. ಆದರೂ ತನ್ನ ವಾದವನ್ನು ತಾನೇ ಮಂಡಿಸಿದಳು, ಪಕ್ಷದೊಳಗೆ ನುಸುಳಿದ್ದ ಗುಪ್ತ ಪೊಲೀಸನನ್ನು ಪಾಟೀಸವಾಲಿಗೆ ಗುರಿಪಡಿಸಿದಳು. 1971ರ ಮೇ ತಿಂಗಳಲ್ಲಿ ಎಲ್ಲರೂ ಎಲ್ಲ ಆರೋಪಗಳಿಂದಲೂ ಖುಲಾಸೆಯಾದರು. ಒಂದು ತಿಂಗಳ ನಂತರ, ಜೂನ್ 16ರಂದು ಮಗ ಹುಟ್ಟಿದ. 18ನೇ ಶತಮಾನದಲ್ಲಿ ಪೆರು ದೇಶದಲ್ಲಿ ಸ್ಪ್ಯಾನಿಷ್ ಆಳ್ವಿಕೆಯ ವಿರುದ್ಧ ದಂಗೆ ಎದ್ದು 1781ರಲ್ಲಿ ಮರಣದಂಡನೆಗೆ ಗುರಿಯಾದ ಟುಪಾಕ್ ಅಮಾರುವಿನ ಹೆಸರನ್ನೇ ಅವನಿಗೆ ಇಟ್ಟಳು.

ಈ ಪಕ್ಷದ ಹೆಸರು ನಮಗೆ ಪರಕೀಯವೇನಲ್ಲ. 1972ರಲ್ಲಿ ಮುಂಬೈನ ತರುಣ ದಲಿತ ಲೇಖಕರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟಿದ್ದು ಇದೇ ಪ್ಯಾಂಥರ್‌ಗಳನ್ನು ನೋಡಿ. ಅದೇ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಾಗ ಹೋರಾಟದ ಹಾಡು ಮತ್ತು ಕವಿತೆ ಒಟ್ಟಿಗೇ ಬೀದಿಗಿಳಿದವು. ಚಳವಳಿಯ ಮನೆಯಲ್ಲಿ ಹುಟ್ಟಿದ ಮಗುವಿಗೆ ಮಾತು ಹೇಗೆ ಬರುತ್ತದೆ ಎನ್ನುವುದು ಆ ಕಾಲದ ಕನ್ನಡ ಕಾವ್ಯ ಓದಿದವರಿಗೆ ವಿವರಿಸಬೇಕಾಗಿಲ್ಲ.

ಆದರೆ ಟುಪಾಕ್ ಬೆಳೆಯುವ ಹೊತ್ತಿಗೆ ಆ ಚಳವಳಿ ಒಡೆದು ಚೂರಾಗಿತ್ತು. ಮಲತಂದೆ ಮುಟುಲು ಶಕೂರ್ ಹಣ ಸಾಗಿಸುವ ವಾಹನದ ದರೋಡೆ ಪ್ರಕರಣವೊಂದರಲ್ಲಿ ಎಫ್‌ಬಿಐ ಹುಡುಕುತ್ತಿದ್ದ ಆರೋಪಿ. ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದು 1986ರಲ್ಲಿ ಸಿಕ್ಕಿಬಿದ್ದ. ಧರ್ಮಪಿತ ಜೆರೊನಿಮೊ ಪ್ರ್ಯಾಟ್ ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದ. ಆ ತೀರ್ಪು ರದ್ದಾಗಿದ್ದು 1997ರಲ್ಲಿ, ಟುಪಾಕ್ ಸತ್ತ ಮೇಲೆ. ತಾಯಿಗೆ ಕ್ರ್ಯಾಕ್ ಕೊಕೇನ್ ಚಟ ಅಂಟಿತು. ಹೊತ್ತಿನ ಊಟಕ್ಕೂ ತತ್ವಾರ, ಊರಿಂದೂರಿಗೆ ಅಲೆದಾಟ. ಕೋರ್ಟಿನಲ್ಲಿ ಎದ್ದು ನಿಂತು ಸರ್ಕಾರವನ್ನೇ ಸೋಲಿಸಿದ ಹೆಂಗಸು ಚಟಕ್ಕೆ ಸೋಲುವುದನ್ನು ಆ ಹುಡುಗ ಕಣ್ಣಾರೆ ಕಂಡ.

ನಿಮ್ಮ ಮಗನಿಗೇ ಬಹುಶಃ ಗೊತ್ತಿರದ ಒಂದು ವಿಷಯ ಹೇಳುತ್ತೇನೆ. ಟುಪಾಕ್ ಮೊದಲು ನಟ. ಹದಿಮೂರರ ಆಸುಪಾಸಿನಲ್ಲಿ ಹಾರ್ಲೆಮ್‌ನ ಅಪೊಲೊ ಥಿಯೇಟರ್‌ನಲ್ಲಿ ನಾಟಕದ ಪಾತ್ರ ಮಾಡಿದ್ದ. ಬಾಲ್ಟಿಮೋರ್‌ಗೆ ಹೋದ ಮೇಲೆ ಅಲ್ಲಿನ ಕಲಾ ಶಾಲೆ ಸೇರಿ ಅಭಿನಯ, ಕಾವ್ಯ, ಜಾಝ್ ಕಲಿತ. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಅಭಿನಯಿಸಿದ, ಬ್ಯಾಲೆಯಲ್ಲೂ ಹೆಜ್ಜೆ ಹಾಕಿದ. ಶಾಲೆ ಮುಗಿಯುವ ಮುನ್ನವೇ, 1988ರಲ್ಲಿ ಕುಟುಂಬ ಕ್ಯಾಲಿಫೋರ್ನಿಯಾದ ಮರಿನ್ ಸಿಟಿಗೆ ಹೊರಟಿತು. ಅಲ್ಲಿ ಡಿಜಿಟಲ್ ಅಂಡರ್‌ಗ್ರೌಂಡ್ ಎಂಬ ರ‍್ಯಾಪ್ ತಂಡದ ಜತೆ ಸಾಮಾನು ಹೊರುವವನಾಗಿ, ಹಿಂದೆ ನಿಂತು ಕುಣಿಯುವವನಾಗಿ ಸೇರಿಕೊಂಡ. 1991ರ ನವೆಂಬರ್‌ನಲ್ಲಿ ಮೊದಲ ಆಲ್ಬಂ ಬಂತು. ಅಲ್ಲಿಂದ ಸಾಯುವವರೆಗೆ ಅವನಿಗೆ ಸಿಕ್ಕಿದ್ದು ಐದು ವರ್ಷವೂ ತುಂಬದ ಅವಧಿ. ನಾವು ಮಾತಾಡುತ್ತಿರುವ ಎಲ್ಲವೂ, ಹಾಡು, ಸಿನಿಮಾ, ಜೈಲು, ಜಗಳ, ಆ ಐದು ವರ್ಷದೊಳಗಿನದು.

ಆ ಮೊದಲ ಆಲ್ಬಂನ ಒಂದು ಹಾಡು ‘ಬ್ರೆಂಡಾಸ್ ಗಾಟ್ ಎ ಬೇಬಿ’. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಸುರಾಗಿ, ಹೆತ್ತ ಕೂಸನ್ನು ಕಸಕ್ಕೆ ಎಸೆದಳು ಎಂಬ ಪತ್ರಿಕಾ ಸುದ್ದಿ ಓದಿ ಬರೆದದ್ದು. ಕೇಳಿ ನೋಡಿ. ಸಾಮಾನ್ಯ ಹಾಡಿನ ಹಾಗೆ ಚರಣ, ಪಲ್ಲವಿ, ಮತ್ತೆ ಚರಣ ಎಂಬ ವಿಶ್ರಾಂತಿ ಅದರಲ್ಲಿಲ್ಲ. ಒಂದೇ ಉಸಿರಿನಲ್ಲಿ ಕತೆ ಓಡುತ್ತದೆ. ಮನೆಯವರಿಗೆ ಗೊತ್ತೇ ಆಗದ ಬಸಿರು, ಬಚ್ಚಲುಮನೆಯ ನೆಲದ ಮೇಲೆ ಹೆರಿಗೆ, ಕಸದ ತೊಟ್ಟಿಯಿಂದ ಬರುವ ಅಳು, ಆಮೇಲೆ ಹುಡುಗಿ ಬೀದಿಗೆ ಬಿದ್ದು ಸಾಯುವುದು. ಅವನು ಎಲ್ಲಿಯೂ ಹುಡುಗಿಯನ್ನು ಬೈಯುವುದಿಲ್ಲ. ಅದೊಂದು ಮನೆಯ ಸಮಸ್ಯೆಯಲ್ಲ, ಇಡೀ ಕೇರಿಯದು ಎಂದು ಶುರುವಿನಲ್ಲೇ ಹೇಳಿಬಿಡುತ್ತಾನೆ. ಆಗ ಅವನಿಗೆ ಇಪ್ಪತ್ತು ವರ್ಷ. ಆ ವಯಸ್ಸಿನ ಗಂಡು ಹುಡುಗ, ಅದೂ ಗಂಡಸುತನ ಮೆರೆಸುವುದೇ ಕಸುಬಾಗಿದ್ದ ಸಂಗೀತದಲ್ಲಿ, ಹೀಗೆ ಬರೆದದ್ದು ಸಣ್ಣ ಮಾತಲ್ಲ.

ಅದೇ ಆಲ್ಬಂನಲ್ಲಿ ಪೊಲೀಸರ ಮೇಲೆ ಬಂದೂಕು ತಿರುಗಿಸುವ ಹಾಡುಗಳೂ ಇವೆ. 1992ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಪೊಲೀಸನನ್ನು ಕೊಂದ ಯುವಕನ ವಕೀಲರು, ಅವನು ಈ ಆಲ್ಬಂ ಕೇಳಿ ಕೆರಳಿದ್ದ ಎಂದು ವಾದಿಸಿದರು. ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಇಂಥ ಹಾಡಿಗೆ ನಮ್ಮ ಸಮಾಜದಲ್ಲಿ ಜಾಗವಿಲ್ಲ ಎಂದ. ಅದು ಚುನಾವಣೆಯ ವರ್ಷ. ರಾಜಕಾರಣಿಯ ಆ ಮಾತಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ತೂಕ ಕೊಡಬೇಕಾದ ವಿರೋಧ ಬೇರೆ ಕಡೆಯಿಂದ ಬಂತು. ಸಿ. ಡೆಲೋರಿಸ್ ಟಕರ್ ಮಾರ್ಟಿನ್ ಲೂಥರ್ ಕಿಂಗ್ ಜತೆ ಮೆರವಣಿಗೆಯಲ್ಲಿ ನಡೆದಿದ್ದ ಕಪ್ಪು ಮಹಿಳೆ. ಈ ಹಾಡುಗಳಲ್ಲಿ ಕಪ್ಪು ಹೆಣ್ಣುಮಕ್ಕಳನ್ನು ಕರೆಯುವ ರೀತಿ ನೋಡಿ, ಇದನ್ನು ಮಾರಿ ದುಡ್ಡು ಮಾಡುತ್ತಿರುವ ದೊಡ್ಡ ಕಂಪನಿಗಳನ್ನು ನೋಡಿ ಎಂದು ಆಕೆ ವರ್ಷಗಟ್ಟಲೆ ಹೋರಾಡಿದಳು. ಟುಪಾಕ್ ಹಾಡಿನಲ್ಲೇ ಆಕೆಯನ್ನು ಹೀಯಾಳಿಸಿದ. ಹೋರಾಟಗಾರ್ತಿಯ ಹೊಟ್ಟೆಯಲ್ಲಿ ಹುಟ್ಟಿದವನು ಇನ್ನೊಬ್ಬ ಹಿರಿಯ ಹೋರಾಟಗಾರ್ತಿಯನ್ನು ಹೀಗೆ ಅವಮಾನಿಸಿದ್ದು ಅವನ ಬಗ್ಗೆ ನನಗೆ ಅತ್ಯಂತ ಬೇಸರ ತರುವ ಸಂಗತಿಗಳಲ್ಲಿ ಒಂದು.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಇದನ್ನು ಅವಸರದಲ್ಲಿ ದಾಟಿಹೋಗುವುದು ಸರಿಯಲ್ಲ.

1993ರಲ್ಲಿ ಟುಪಾಕ್‌ನ ‘ಕೀಪ್ ಯಾ ಹೆಡ್ ಅಪ್’ ಬಂತು. ಲಾಸ್ ಏಂಜಲಿಸ್‌ನ ಅಂಗಡಿಯೊಂದರಲ್ಲಿ ಕಿತ್ತಳೆ ರಸದ ಬಾಟಲಿಯ ಜಗಳದಲ್ಲಿ ಗುಂಡೇಟಿಗೆ ಬಲಿಯಾದ 15 ವರ್ಷದ ಲತಾಷಾ ಹಾರ್ಲಿನ್ಸ್‌ಗೆ ಅರ್ಪಿಸಿದ ಹಾಡು ಅದು. ಹೆಣ್ಣಿನಿಂದಲೇ ಹುಟ್ಟಿದ ನಾವು ಹೆಣ್ಣನ್ನೇ ಏಕೆ ಹಿಂಸಿಸುತ್ತೇವೆ ಎಂದು ಗಂಡಸರನ್ನು ನೇರವಾಗಿ ಕೇಳುವ ಹಾಡು. ಅದಕ್ಕೂ ಮುಂಚೆ, ಜೈಲಿನಲ್ಲಿದ್ದ ಮಲತಂದೆಯ ಜತೆ ಸೇರಿ ಬೀದಿಯ ಗ್ಯಾಂಗುಗಳಿಗಾಗಿ ಒಂದು ನೀತಿಸಂಹಿತೆ ಬರೆದಿದ್ದ. ಮಕ್ಕಳಿಗೆ ಡ್ರಗ್ಸ್ ಮಾರಬಾರದು, ಶಾಲೆಗಳನ್ನು ಮುಟ್ಟಬಾರದು, ಅತ್ಯಾಚಾರ ನಿಲ್ಲಬೇಕು ಎಂದೆಲ್ಲ ಅದರಲ್ಲಿತ್ತು.

ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ 19 ವರ್ಷದ ಯುವತಿಯೊಬ್ಬಳ ಮೇಲೆ ಅವನೂ ಅವನ ಸಂಗಡಿಗರೂ ಸೇರಿ ಲೈಂಗಿಕ ದೌರ್ಜನ್ಯ ಮಾಡಿದರು ಎಂಬ ದೂರು ದಾಖಲಾಯಿತು. 1994ರ ಡಿಸೆಂಬರ್ 1ರಂದು ತೀರ್ಪು ಬಂತು. ಹೆಚ್ಚು ಗಂಭೀರವಾದ ಆರೋಪಗಳಿಂದ ಖುಲಾಸೆಯಾದರೂ, ಆಕೆಯನ್ನು ಬಲವಂತವಾಗಿ ಮುಟ್ಟಿದ ಅಪರಾಧ ಸಾಬೀತಾಯಿತು. ಒಂದೂವರೆಯಿಂದ ನಾಲ್ಕೂವರೆ ವರ್ಷದ ಶಿಕ್ಷೆ. ತಾನು ಅತ್ಯಾಚಾರ ಮಾಡಿಲ್ಲ ಎಂದು ಅವನು ಕೊನೆಯವರೆಗೂ ಹೇಳಿದ. ಆದರೆ ಜೈಲಿನಿಂದ ‘ವೈಬ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಏನೂ ಮಾಡದೆ ಸುಮ್ಮನಿದ್ದದ್ದಕ್ಕೆ ತಾನೂ ತಪ್ಪಿತಸ್ಥನೇ ಎಂಬರ್ಥದ ಮಾತಾಡಿದ. ಆ ಯುವತಿ ಅದಕ್ಕೆ ಉತ್ತರವಾಗಿ ತನ್ನ ಕಡೆಯಿಂದ ನಡೆದದ್ದನ್ನು ಪತ್ರದಲ್ಲಿ ಬರೆದಳು, ಪತ್ರಿಕೆ ಪ್ರಕಟಿಸಿತು. ಅವಳ ಪತ್ರ ಓದಿದವರು ಎಷ್ಟು ಮಂದಿ, ಅವನ ಸಂದರ್ಶನ ಓದಿದವರು ಎಷ್ಟು ಮಂದಿ! ಅಭಿಮಾನಿಗಳು ಈ ಪ್ರಕರಣವನ್ನು ಅವನ ‘ಕಷ್ಟಗಳ’ ಪಟ್ಟಿಗೆ ಸೇರಿಸುತ್ತಾರೆ. ಕಷ್ಟ ಅವಳದು. ಇದನ್ನು ನಿಮ್ಮ ಮಗನಿಗೆ ಹೇಳುವವರು ಯಾರೂ ಇಲ್ಲದಿದ್ದರೆ ನೀವು ಹೇಳಬೇಕು.

ಉಳಿದ ಪ್ರಕರಣಗಳೆಲ್ಲ ಒಂದೇ ತೂಕದವಲ್ಲ. 1991ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ರಸ್ತೆಯನ್ನು ಅಡ್ಡ ದಾಟಿದ ಎಂಬ ಕಾರಣಕ್ಕೆ ಪೊಲೀಸರು ಅವನನ್ನು ಹಿಡಿದು ನೆಲಕ್ಕೆ ಕೆಡವಿದರು. ಅವನು ದಾವೆ ಹೂಡಿದ, ನಗರಾಡಳಿತ ಪರಿಹಾರ ಕೊಟ್ಟು ರಾಜಿಯಾಯಿತು. 1993ರಲ್ಲಿ ಅಟ್ಲಾಂಟಾದಲ್ಲಿ ಕರ್ತವ್ಯದಲ್ಲಿರದ ಇಬ್ಬರು ಪೊಲೀಸರ ಮೇಲೆ ಗುಂಡು ಹಾರಿಸಿದ ಆರೋಪ ಬಂತು, ನಂತರ ಕೈಬಿಟ್ಟರು. ಆದರೆ 1992ರಲ್ಲಿ ಮರಿನ್ ಸಿಟಿಯ ಉತ್ಸವದಲ್ಲಿ ಅವನ ಕಡೆಯವರ ಜತೆ ನಡೆದ ಗಲಾಟೆಯಲ್ಲಿ ಹಾರಿದ ಗುಂಡಿಗೆ ಆರು ವರ್ಷದ ಬಾಲಕನೊಬ್ಬ ಸತ್ತ. ಟುಪಾಕ್ ಮೇಲೆ ಕ್ರಿಮಿನಲ್ ಮೊಕದ್ದಮೆಯಾಗಲಿಲ್ಲ. ಆದರೂ ಆ ಸಾವು ಸಾವೇ.

ಲೈಂಗಿಕ ದೌರ್ಜನ್ಯ ಪ್ರಕರಣದ ತೀರ್ಪಿನ ಹಿಂದಿನ ರಾತ್ರಿ, ಮ್ಯಾನ್‌ಹ್ಯಾಟನ್‌ನ ಕ್ವಾಡ್ ಸ್ಟುಡಿಯೋದ ಒಳಗೆ ಅವನನ್ನು ದೋಚಿ ಐದು ಗುಂಡು ಹೊಡೆದರು. ಮಾರನೆಯ ದಿನ ಬ್ಯಾಂಡೇಜು ಸುತ್ತಿಕೊಂಡು ಗಾಲಿಕುರ್ಚಿಯಲ್ಲಿ ಕೋರ್ಟಿಗೆ ಬಂದ. ಅದನ್ನು ಮಾಡಿಸಿದವರು ತನ್ನ ಹಳೆಯ ಗೆಳೆಯ, ನ್ಯೂಯಾರ್ಕಿನ ರ‍್ಯಾಪರ್ ನೊಟೋರಿಯಸ್ ಬಿ.ಐ.ಜಿ.ಯ ಬಳಗದವರೇ ಎಂಬ ಅನುಮಾನ ಅವನ ತಲೆಗೆ ಹೊಕ್ಕಿತು. ಅಲ್ಲಿಂದ ಅವನ ಮಾತಿನ ಬಣ್ಣವೇ ಬದಲಾಯಿತು.

ಜೈಲಿನಲ್ಲಿದ್ದಾಗಲೇ, 1995ರ ಮಾರ್ಚ್‌ನಲ್ಲಿ ‘ಮಿ ಎಗೆನ್ಸ್ಟ್ ದ ವರ್ಲ್ಡ್’ ಬಿಡುಗಡೆಯಾಗಿ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸೆರೆಯಲ್ಲಿರುವ ಕಲಾವಿದನೊಬ್ಬನಿಗೆ ಹಾಗಾದದ್ದು ಅದೇ ಮೊದಲು. ಅದರಲ್ಲೇ ಇರುವುದು ‘ಡಿಯರ್ ಮಾಮಾ’. ಹದಿನೇಳಕ್ಕೆ ಮನೆಯಿಂದ ಹೊರಗೆ ಹಾಕಿದ ತಾಯಿ, ಕ್ರ್ಯಾಕ್ ಚಟದ ತಾಯಿ, ಕೈಯಲ್ಲಿ ಕಾಸಿಲ್ಲದಿದ್ದರೂ ಹಬ್ಬದ ಅಡುಗೆ ಮಾಡಿ ಬಡಿಸಿದ ತಾಯಿ ಎಲ್ಲರೂ ಒಂದೇ ಹಾಡಿನಲ್ಲಿದ್ದಾರೆ. ಚಟದ ಮಾತನ್ನೂ ರಾಣಿ ಎಂಬ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ, ನಡುವೆ ‘ಆದರೂ ಪರವಾಗಿಲ್ಲ’ ಎಂಬ ತೇಪೆ ಹಾಕುವುದಿಲ್ಲ. ನಮ್ಮ ಸಿನಿಮಾಗಳ ತಾಯಿ ಹಾಡುಗಳಲ್ಲಿ ತಾಯಿಯನ್ನು ದೇವರ ಪೀಠಕ್ಕೆ ಏರಿಸಿಬಿಡುತ್ತೇವೆ. ಇಲ್ಲಿ ತಾಯಿ ಮನುಷ್ಯಳಾಗಿಯೇ ಉಳಿದು ಪ್ರೀತಿಗೆ ಪಾತ್ರಳಾಗುತ್ತಾಳೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಈ ಹಾಡನ್ನು ರಾಷ್ಟ್ರೀಯ ಧ್ವನಿಮುದ್ರಿಕೆಗಳ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಇಲ್ಲೇ ಅವನ ಕಸುಬಿನ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ‘ಪ್ರಭಾವ’ ಎನ್ನುವಾಗ ಜನ ಇದನ್ನು ಮರೆಯುತ್ತಾರೆ. ಪ್ರಾಸದ ಚಮತ್ಕಾರದಲ್ಲಿ ಅವನಿಗಿಂತ ಜಾಣರು ಅದೇ ಕಾಲದಲ್ಲಿ ಹಲವರಿದ್ದರು. ಅವನ ಬಲ ಇದ್ದದ್ದು ದನಿಯಲ್ಲಿ. ಸ್ಟುಡಿಯೋದಲ್ಲಿ ಒಂದೇ ಚರಣವನ್ನು ಎರಡು ಮೂರು ಸಲ ಹಾಡಿ ಒಂದರ ಮೇಲೊಂದು ಕೂರಿಸುತ್ತಿದ್ದ. ಅವು ಕರಾರುವಾಕ್ಕಾಗಿ ಹೊಂದಬೇಕೆಂಬ ಹಟ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಗಮನವಿಟ್ಟು ಕೇಳಿದರೆ, ವಾಕ್ಯದ ಕೊನೆಯಲ್ಲಿ ಒಂದು ದನಿ ಮುಗಿದ ಮೇಲೆ ಇನ್ನೊಂದು ದನಿ ಕೂದಲೆಳೆಯಷ್ಟು ತಡವಾಗಿ ಮುಗಿಯುವುದು ಕೇಳಿಸುತ್ತದೆ. ಒಬ್ಬನೇ ಹಾಡಿದರೂ ಗುಂಪೇ ಮಾತಾಡಿದಂತೆ ಅನ್ನಿಸುವುದು ಅದಕ್ಕೇ. ಜತೆಗೆ ನಟನ ತರಬೇತಿ. ಯಾವ ಪದವನ್ನು ಎಳೆಯಬೇಕು, ಎಲ್ಲಿ ಉಸಿರು ಕಟ್ಟಬೇಕು ಎನ್ನುವುದು ರಂಗದ ಮೇಲೆ ನಿಂತವನಿಗೆ ಗೊತ್ತು.

1995ರ ಅಕ್ಟೋಬರ್‌ನಲ್ಲಿ ಡೆತ್ ರೋ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಯ ಒಡೆಯ ಶುಗ್ ನೈಟ್ 14 ಲಕ್ಷ ಡಾಲರ್ ಜಾಮೀನಿಗೆ ವ್ಯವಸ್ಥೆ ಮಾಡಿ ಅವನನ್ನು ಹೊರತಂದ. ಅದಕ್ಕೆ ಪ್ರತಿಯಾಗಿ ಮೂರು ಆಲ್ಬಂಗಳ ಕರಾರಿಗೆ ಟುಪಾಕ್ ಜೈಲಿನಲ್ಲೇ ಸಹಿ ಹಾಕಿದ್ದ. ಹೊರಬಂದವನು ಹಗಲು ರಾತ್ರಿ ಹಾಡಿದ. 1996ರ ಫೆಬ್ರವರಿಯಲ್ಲಿ 27 ಹಾಡುಗಳ ಜೋಡಿ ಆಲ್ಬಂ ‘ಆಲ್ ಐಝ್ ಆನ್ ಮಿ’ ಬಂತು. ಅವನ ಅತಿ ಹೆಚ್ಚು ಮಾರಾಟವಾದ ಕೃತಿಗಳಲ್ಲಿ ಅದೂ ಒಂದು. ಅದರ ಅಬ್ಬರ ನನಗೂ ಇಷ್ಟ. ಆದರೆ ಹಿಂದಿನ ಆಲ್ಬಂನಲ್ಲಿ ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಿದ್ದವನು ಇದರಲ್ಲಿ ಬಹುಪಾಲು ಮೆರೆಯುತ್ತಾನೆ. ಆ ಬೇಸಿಗೆಯಲ್ಲಿ ಬಿ.ಐ.ಜಿ.ಯನ್ನೂ ಅವನ ಹೆಂಡತಿಯನ್ನೂ ಬಾಯಿಗೆ ಬಂದಂತೆ ಬೈಯುವ ಹಾಡೊಂದು ಬಂದು, ಪೂರ್ವ ಕರಾವಳಿ ಮತ್ತು ಪಶ್ಚಿಮ ಕರಾವಳಿ ರ‍್ಯಾಪರ್‌ಗಳ ಪೈಪೋಟಿ ಹಗೆತನಕ್ಕೆ ತಿರುಗಿತು.

1996ರ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಮೈಕ್ ಟೈಸನ್ ಬಾಕ್ಸಿಂಗ್ ಪಂದ್ಯ ನೋಡಿ ಹೊರಬರುವಾಗ ಟುಪಾಕ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಬಳಿಯ ಕಾಂಪ್ಟನ್‌ನ ಎದುರಾಳಿ ಗ್ಯಾಂಗಿನ ಒಬ್ಬನನ್ನು ಹೋಟೆಲಿನ ಮೊಗಸಾಲೆಯಲ್ಲೇ ಹಿಡಿದು ಬಡಿದರು. ಕೆಲವೇ ಗಂಟೆಗಳ ನಂತರ ಸಿಗ್ನಲ್‌ನಲ್ಲಿ ನಿಂತ ಅವರ ಕಾರಿನ ಪಕ್ಕ ಬಿಳಿ ಕ್ಯಾಡಿಲಾಕ್ ಬಂದು ನಿಂತಿತು. ನಾಲ್ಕು ಗುಂಡು ತಗುಲಿದ ಟುಪಾಕ್ ಸೆಪ್ಟೆಂಬರ್ 13ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಆರು ತಿಂಗಳಲ್ಲಿ ಬಿ.ಐ.ಜಿ.ಯೂ ಲಾಸ್ ಏಂಜಲಿಸ್‌ನಲ್ಲಿ ಅದೇ ರೀತಿ ಕೊಲೆಯಾದ. ಟುಪಾಕ್ ಕೊಲೆಗೆ 27 ವರ್ಷ ಯಾರನ್ನೂ ಬಂಧಿಸಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ, ಆ ಕ್ಯಾಡಿಲಾಕ್‌ನಲ್ಲಿ ತಾನಿದ್ದೆ ಎಂದು ತಾನೇ ಬರೆದುಕೊಂಡಿದ್ದ ಡ್ವೇನ್ ಡೇವಿಸ್‌ನನ್ನು ಪೊಲೀಸರು ಬಂಧಿಸಿದರು. ಅವನು ಆರೋಪ ಅಲ್ಲಗಳೆದಿದ್ದಾನೆ, ವಿಚಾರಣೆಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಟುಪಾಕ್ ಕ್ಯೂಬಾದಲ್ಲಿ ಬದುಕಿದ್ದಾನೆ ಎಂಬ ವಿಡಿಯೋಗಳನ್ನು ಮಗ ತೋರಿಸಿದರೆ ಅದಕ್ಕೆ ಸಮಯ ಹಾಳುಮಾಡಬೇಡಿ.

ಹಾಗಾದರೆ ಉಳಿದದ್ದು ಏನು, ಏಕೆ? ಒಬ್ಬೊಬ್ಬರು ಅವನ ಒಂದೊಂದು ತುಂಡನ್ನು ಎತ್ತಿಕೊಂಡರು ಎನ್ನುವುದು ನನ್ನ ಉತ್ತರ. ಸಿಯೆರಾ ಲಿಯೋನ್‌ನ ಅಂತರ್ಯುದ್ಧದಲ್ಲಿ ಬಂದೂಕು ಹಿಡಿದ ಹುಡುಗರು ಟುಪಾಕ್ ಚಿತ್ರದ ಟೀ ಶರ್ಟ್ ತೊಟ್ಟು ಹಳ್ಳಿಗಳಿಗೆ ನುಗ್ಗಿದರು. ಅವರಿಗೆ ಬೇಕಾದದ್ದು ಸಾವಿಗೆ ಹೆದರದ ಟುಪಾಕ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1997ರಲ್ಲೇ ಅವನ ಬಗ್ಗೆ ಒಂದು ಕೋರ್ಸ್ ನಡೆಯಿತು, 2003ರಲ್ಲಿ ಹಾರ್ವರ್ಡ್‌ನಲ್ಲಿ ವಿಚಾರ ಸಂಕಿರಣ ಆಯಿತು. ಅವರಿಗೆ ಬೇಕಾದದ್ದು ಚಳವಳಿಯ ವಾರಸುದಾರ. 1998ರಲ್ಲಿ, ಸತ್ತ ಎರಡು ವರ್ಷಕ್ಕೆ ಹೊರಬಂದ ‘ಚೇಂಜಸ್’ ಹಾಡನ್ನು 2009ರಲ್ಲಿ ವ್ಯಾಟಿಕನ್ ತನ್ನ ಮೆಚ್ಚಿನ ಹಾಡುಗಳ ಪಟ್ಟಿಯಲ್ಲಿ ಸೇರಿಸಿತು. ಬಡತನ, ಜೈಲು, ಪೊಲೀಸ್ ದಬ್ಬಾಳಿಕೆಯ ಬಗ್ಗೆ ಆ ಹಾಡು ಹೇಳಿದ್ದು ಅಮೆರಿಕದಲ್ಲಿ ಪ್ರತಿ ಸಲ ಹೊಸ ಸಾವಾದಾಗಲೂ ಮತ್ತೆ ಕೇಳಿಬರುತ್ತದೆ. 2017ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ. ಒಂಟಿ ರ‍್ಯಾಪರ್‌ಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಅವನನ್ನು ತುಂಡು ಮಾಡದೆ ಇಡಿಯಾಗಿ ತೆಗೆದುಕೊಂಡವನು, ನನ್ನ ದೃಷ್ಟಿಯಲ್ಲಿ, ಮುಂದಿನ ತಲೆಮಾರಿನ ರ‍್ಯಾಪರ್ ಕೆಂಡ್ರಿಕ್ ಲಮಾರ್. ಎಂಟು ವರ್ಷದವನಾಗಿದ್ದಾಗ ಕಾಂಪ್ಟನ್‌ನ ಬೀದಿಯಲ್ಲಿ ಟುಪಾಕ್ ಮತ್ತು ಡಾ. ಡ್ರೆ ವಿಡಿಯೋ ಚಿತ್ರೀಕರಣ ಮಾಡುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಾಗಿ ಅವನು ಹೇಳಿಕೊಂಡಿದ್ದಾನೆ. 2015ರ ತನ್ನ ಆಲ್ಬಂನ ಕೊನೆಯಲ್ಲಿ ಟುಪಾಕ್‌ನ 1994ರ ರೇಡಿಯೋ ಸಂದರ್ಶನದ ಮಾತುಗಳನ್ನು ಬಳಸಿ ಸತ್ತವನ ಜತೆ ಸಂಭಾಷಣೆ ಕಟ್ಟಿದ. ಅದು ಪೂಜೆಯಲ್ಲ. ಹಿರಿಯನನ್ನು ಎದುರು ಕೂರಿಸಿಕೊಂಡು ನಾನು ಮುಂದೆ ಏನು ಮಾಡಲಿ ಎಂದು ಕೇಳುವ ತರುಣನ ಮಾತು.

ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. 2012ರ ಕೋಚೆಲ್ಲಾ ಸಂಗೀತೋತ್ಸವದಲ್ಲಿ ಬೆಳಕಿನ ಪ್ರತಿಬಿಂಬದ ತಂತ್ರದಿಂದ ಅವನನ್ನು ‘ಎಬ್ಬಿಸಿ’ ಕುಣಿಸಿದರು. 2024ರಲ್ಲಿ ಡ್ರೇಕ್ ಎಂಬ ರ‍್ಯಾಪರ್ ಕೃತಕ ಬುದ್ಧಿಮತ್ತೆಯಿಂದ ಟುಪಾಕ್‌ನ ದನಿ ತಯಾರಿಸಿ ಕೆಂಡ್ರಿಕ್‌ನನ್ನೇ ಹೀಯಾಳಿಸಲು ಬಳಸಿದ. ಟುಪಾಕ್‌ನ ಆಸ್ತಿ ನೋಡಿಕೊಳ್ಳುವವರು ಕೋರ್ಟಿಗೆ ಹೋಗುತ್ತೇವೆ ಎಂದ ಮೇಲೆ ಆ ಹಾಡನ್ನು ತೆಗೆದುಹಾಕಿದ. ಬದುಕಿದ್ದಾಗ ತನ್ನ ಮಾತಿಗೆ ತಾನೇ ಬೆಲೆ ತೆತ್ತವನ ದನಿಯನ್ನು, ಅವನು ಆಡದ ಮಾತಿಗೆ ಬಾಡಿಗೆ ಹಿಡಿಯುವುದು ಹೊಲಸು ಕೆಲಸ.

ಈಗ ನಿಮ್ಮ ಚಿಂತೆಗೆ. ಪೋಸ್ಟರ್ ತೆಗೆಸಬೇಡಿ. ತೆಗೆಸಿದರೆ ಆ ಹುಡುಗ ಕಳೆದುಕೊಳ್ಳುವುದು ಏನೂ ಇಲ್ಲ, ನೀವು ಅವನ ಜತೆ ಮಾತಾಡುವ ಅವಕಾಶ ಕಳೆದುಕೊಳ್ಳುತ್ತೀರಿ. ಪತ್ರಿಕಾ ಸುದ್ದಿ ಓದಿ ಬರೆದ ಆ ಹಾಡನ್ನು, ಆಮೇಲೆ ‘ಕೀಪ್ ಯಾ ಹೆಡ್ ಅಪ್’, ಆಮೇಲೆ ‘ಡಿಯರ್ ಮಾಮಾ’, ಇಷ್ಟನ್ನು ಅವನಿಂದಲೇ ಹಾಕಿಸಿ ಕೇಳಿ. ಸಾಲುಸಾಲಿನ ಅರ್ಥ ಅವನೇ ಹೇಳಲಿ; ಕವಿ ಎಂದವನಿಗೆ ಅಷ್ಟು ಜವಾಬ್ದಾರಿ ಇರಬೇಕು. ಅದು ಮುಗಿದ ಮೇಲೆ ನ್ಯೂಯಾರ್ಕಿನ ಹೋಟೆಲ್ ಕೋಣೆಯ ವಿಷಯ ನೀವೇ ಎತ್ತಿ. ಹೆಣ್ಣಿನ ಪರವಾಗಿ ಇಂಥ ಹಾಡು ಬರೆದವನು ಅದೇ ವರ್ಷ ಅಲ್ಲಿ ಏಕೆ ಹಾಗೆ ನಡೆದುಕೊಂಡ ಎಂದು ಮಗನನ್ನು ಕೇಳಿ, ಉತ್ತರ ಹುಡುಕಲು ಅವನಿಗೆ ಬೇಕಾದಷ್ಟು ಸಮಯ ಕೊಡಿ. ‘ಅದೆಲ್ಲ ಸುಳ್ಳು ಕೇಸು’ ಎಂದು ತಳ್ಳಿಹಾಕಿದರೆ ಆಗ ಚಿಂತೆ ಮಾಡಿ, ತೀರ್ಪಿನಲ್ಲಿ ಏನಿತ್ತು ಎಂದು ಅವನಿಂದಲೇ ಓದಿಸಿ.